ಆರತಿಯ ಚಾರ್ಜು

೧೨ ಆಗಸ್ಟ್ ೨೦೦೧, ಭಾನುವಾರ. ಪುಣೆ

ಗುಲಬರ್ಗಾದಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಮಗಳು ಪ್ರಫುಲ್ಲಾ ಡ್ಯೂಟಿಯಿಂದ ಯೂನಿಫಾರ್ಮಿನಲ್ಲೇ ಸ್ಟೇಷನ್ನಿಗೆ ಬಂದಿದ್ದಳು. ಹಮಾಲಿ ಅವಳ ಹೆಗಲ ಮೇಲಿನ ಸಿಂಹದ ಬಿಲ್ಲೆ ನೋಡಿ ಸುಮ್ಮನೆ ನನ್ನ ಚೀಲ ಎತ್ತಿಕೊಂಡ. ಮೇಜರ್ ಪ್ರಫುಲ್ಲಾ, ಮಿಲಿಟರಿ ಆಸ್ಪತ್ರೆಯ ನರ್ಸಿಂಗ್ ಆಫೀಸರ್. ಸೇಡಮ್ಮಿನ ಶಾಲೆಯಲ್ಲಿ ನಾನೇ ಅಆಇಈ ತೀಡಿಸಿದ ಹುಡುಗಿ. ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು. ಆದರೆ ಈ ಸಲ ನಾನು ಬಂದದ್ದು ಹೆಮ್ಮೆಪಡಲಿಕ್ಕಲ್ಲ, ಬುದ್ಧಿ ಹೇಳಲಿಕ್ಕೆ.

ಇವಳು ಅನಾಥಾಶ್ರಮದಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳುತ್ತಾಳಂತೆ. ಮೂವತ್ತೇಳು ವರ್ಷ, ಮದುವೆ ಬೇಡವೆಂದು ಬಂದ ಗಂಡುಗಳನ್ನೆಲ್ಲ ಬಾಗಿಲಿಂದಲೇ ಕಳಿಸಿದವಳು. ಅರ್ಜಿ ಹಾಕಿ ಎರಡು ವರ್ಷವಾಗಿದೆ; ಹೆತ್ತವಳಿಗೆ ಹೇಳಿದ್ದು ಹೋದ ತಿಂಗಳು, ಫೋನಿನಲ್ಲಿ, ಎಲ್ಲ ಪಕ್ಕಾ ಆದ ಮೇಲೆ. ಮೆಸ್ಸಿನ ಕೋಣೆ ಬಿಟ್ಟು ವಾನವಡಿಯಲ್ಲಿ ಬಾಡಿಗೆ ಮನೆಯನ್ನೂ ಹಿಡಿದಾಗಿದೆ.

ಚಹಾ ಕುಡಿಯುವಾಗ ಶುರುಮಾಡಿದೆ. "ನಾಳೆ ನಿನ್ನ ಗಡಿಗೆ ಹಾಕಿದ್ರ ಆ ಕೂಸಿನ ಗತಿ ಏನು? ನಾ ಇದಕ್ಕ ಒಪ್ಪೂದಿಲ್ಲ."

"ಅವ್ವ, ನಂಗ ನಿನ್ನ ಒಪ್ಪಿಗಿ ಬ್ಯಾಡ," ಎಂದಳು. "ನೀ ಬೇಕು."

ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದೆ. ದಸರೆಯ ತನಕ ಇರುತ್ತೇನೆ, ಒಂದು ದಿನವೂ ಹೆಚ್ಚಿಲ್ಲ ಎಂದು ಹೇಳಿಟ್ಟಿದ್ದೇನೆ. ಚೀಲ ಬಿಚ್ಚಿಲ್ಲ; ಬೇಕಾದ ಎರಡು ಸೀರೆ ಮಾತ್ರ ಮೇಲಿಂದ ತೆಗೆದಿದ್ದೇನೆ.

೨೦ ಆಗಸ್ಟ್, ಸೋಮವಾರ

ಅದು ಬಂತು. ಮೂರು ತುಂಬಲು ಬಂದಿದೆ, ನೋಡಿದರೆ ಎರಡರ ಹಾಗೆ ಕಾಣುತ್ತದೆ. ಕೂದಲು ಬೋಳಿಸಿದ್ದಾರೆ, ಬಲಗಿವಿಗೆ ಹತ್ತಿ. ಹೆಸರು ಆರತಿ, ಆಶ್ರಮದವರು ಇಟ್ಟದ್ದು. ಕರೆದುಕೊಂಡು ಬಂದವರು ಅಲ್ಲಿಯ ದಾತೇ ಬಾಯಿ. ಅವರು ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದರು: ಈಗ ಮಗು ಇಲ್ಲಿ ಇರುವುದು ತಾತ್ಪೂರ್ತಿಕ, ಅಂದರೆ ಸದ್ಯಕ್ಕೆ ಮಾತ್ರ. ಅವರು ಆಗಾಗ ಬಂದು ನೋಡುತ್ತಾರೆ. ಆಮೇಲೆ ಕೋರ್ಟು ದತ್ತು ಮಂಜೂರು ಮಾಡಬೇಕು. ಮನೆ ಸರಿ ಇಲ್ಲ ಎನಿಸಿದರೆ ಅಲ್ಲಿಯವರೆಗೆ ಯಾವತ್ತಾದರೂ ವಾಪಸು ಕರೆದುಕೊಂಡು ಹೋಗಬಹುದು. ಪ್ರಫುಲ್ಲಾ ಎಲ್ಲದಕ್ಕೂ 'ಯೆಸ್ ಮ್ಯಾಡಮ್' ಎಂದಳು, ಕೈ ಮಾತ್ರ ಸೆರಗಿನ ಚುಂಗು ಹಿಡಿದುಕೊಂಡಿತ್ತು.

ಮಗು ಅಳಲಿಲ್ಲ. ಕೊಟ್ಟ ಬಿಸ್ಕೀಟಿನಲ್ಲಿ ಅರ್ಧ ತಿಂದು ಅರ್ಧ ಚಡ್ಡಿಯಲ್ಲಿ ಸಿಕ್ಕಿಸಿಕೊಂಡಿತು. ಆಮೇಲೆ ಮನೆಯಲ್ಲಿ ಅಷ್ಟು ಕುರ್ಚಿ ಇದ್ದರೂ ಬಂದು ನನ್ನ ಚೀಲದ ಮೇಲೆ ಕೂತಿತು. ಎಬ್ಬಿಸಲು ನೋಡಿದೆ, ಏಳಲಿಲ್ಲ. ಒಳಗೆ ಉಪ್ಪಿನಕಾಯಿ ಭರಣಿ ಇದೆ.

೩ ಸೆಪ್ಟೆಂಬರ್, ಸೋಮವಾರ

ಈ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ನಾಟಕ ನಡೆಯುತ್ತದೆ. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ಪ್ರತಿ ಮಂಚದ ಪಕ್ಕ ನಿಂತು ರೋಗಿಯ ಚಾರ್ಜು ಕೊಡುತ್ತಾಳಂತೆ. ಬಂದವಳು 'ತಗೊಂಡೆ' ಎನ್ನುವ ತನಕ ಹೋಗುವವಳು ವಾರ್ಡು ಬಿಡುವಂತಿಲ್ಲವಂತೆ. ಅದನ್ನು ಇವಳು ಮನೆಗೂ ತಂದಿದ್ದಾಳೆ. ಮಗುವಿನ ಮಂಚದ ಪಕ್ಕ ನೆಟ್ಟಗೆ ನಿಂತು ಹೇಳುತ್ತಾಳೆ:

"ಆರತಿ. ರಾತ್ರಿ ನಿದ್ದಿ ಛಲೋ ಆಗ್ಯಾದ. ಹಾಲು ಅರ್ಧ ಲೋಟ ಕುಡದಾಳ. ಬಲಗಿವಿ ಸೋರ್ತದ, ಒಳಗ ಪರದಿಗೆ ತೂತು ಅದ, ಎಣ್ಣಿ ನೀರು ಏನೂ ಬೀಳಬಾರದು. ತಗೊಂಡಿ ಏನವ್ವಾ?"

ನಾನು ಹೆಡ್ ಮಾಸ್ತರಿಣಿಯಾಗಿ ಮೂರು ಶಾಲೆಗಳ ಚಾರ್ಜು ತೆಗೆದುಕೊಂಡು ಬಿಟ್ಟವಳು. ಬೆಂಚು, ನಕಾಶೆ, ಗಂಟೆ ಎಲ್ಲ ನೋಡಿ ಸಹಿ ಹಾಕಿದ್ದೇನೆ. ಕೂಸನ್ನು ಯಾರಾದರೂ ಹೀಗೆ ಒಪ್ಪಿಸುತ್ತಾರೆಯೇ? ಅದೂ ಇಬ್ಬರನ್ನು ಹೆತ್ತು ದೊಡ್ಡವರನ್ನಾಗಿ ಮಾಡಿದವಳಿಗೆ? ಅಲ್ಲದೆ ನಾನು ಏನನ್ನೂ ತಗೊಂಡಿಲ್ಲ. ದಸರೆಗೆ ಊರಿಗೆ ಹೋಗುವವಳು. "ಹೂಂ, ಹೋಗು ಹೋಗು, ಬಸ್ಸು ತಪ್ಪೀತು," ಎಂದೆ.

ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಮುಖ ನೋಡಿ ಹೋದಳು.

೧೯ ಸೆಪ್ಟೆಂಬರ್, ಬುಧವಾರ

ಮನೆಗೆಲಸದ ಯಂಕವ್ವ ನಮ್ಮ ಯಾದಗಿರಿ ಕಡೆಯವಳು. ಗಂಡ ಲಾಲಪ್ಪ ಹಿಂಜವಾಡಿಯ ಕಟ್ಟಡಗಳಲ್ಲಿ ಗಾರೆ ಕೆಲಸ. ನಮ್ಮ ಮಾತು ಕಿವಿಗೆ ಬಿದ್ದರೆ ಜೀವಕ್ಕೆ ಹಿತ. ಆದರೆ ಬಾಯಿ ಜೋರು.

ಕಸ ಹೊಡೆಯುತ್ತ ಕೇಳಿದಳು, "ಅಕ್ಕೋರ, ಚೀಲ ಇನ್ನೂ ಬಿಚ್ಚಿಲ್ಲೇನ್ರಿ? ಇಲ್ಲಿ ಜಿರಳಿ ಭಾಳ ನೋಡ್ರಿ, ಸೀರಿ ತಿಂತಾವ."

"ನಾ ಊರಿಗೆ ಹೋಗಾಕಿ."

"ಹೌದ್ರಿ, ಹೋಗ್ರಿ," ಎಂದಳು. "ಆ ಹುಡಿಗಿ ನಿಮ್ಮ ಸೆರಗ ಬಿಟ್ರ ಹೋಗ್ರಿ."

ಹುಡುಗಿ ಆಗ ನನ್ನ ಸೆರಗು ಹಿಡಿದಿದ್ದಳು ಎಂಬುದು ನಿಜ. ಅದು ಅಭ್ಯಾಸ, ಪ್ರೀತಿ ಅಂತ ಏನಿಲ್ಲ. ರೊಟ್ಟಿ ಬಡಿಯುವಾಗ ಸಪ್ಪಳ ಕೇಳಲು ಪಕ್ಕಕ್ಕೆ ಬಂದು ಕೂಡುತ್ತಾಳೆ. ಎಡಗಿವಿ ನನ್ನ ಕಡೆ ಇರುವ ಹಾಗೆ ಕೂಡುತ್ತಾಳೆ.

೪ ಅಕ್ಟೋಬರ್, ಗುರುವಾರ

ಬರೆಯಲು ಕೈ ಬರುತ್ತಿಲ್ಲ.

ಮಧ್ಯಾಹ್ನ ಹುಡುಗಿ ಕಿವಿ ಹಿಡಿದುಕೊಂಡು ಅತ್ತಳು. ಬಂದಾಗಿನಿಂದ ಅತ್ತದ್ದು ಇದೇ ಮೊದಲು. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಉಗುರು ಬೆಚ್ಚಗೆ ಮಾಡಿ ಕಿವಿಗೆ ಬಿಟ್ಟೆ. ನನ್ನಿಬ್ಬರು ಮಕ್ಕಳಿಗೂ ಅದನ್ನೇ ಮಾಡಿದ್ದೆ. ಹುಡುಗಿ ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಬಂದರು. ಸಂಜೆಗೆ ಮೈ ಕೆಂಡ, ಕಿವಿಯಿಂದ ಕೀವು ರಕ್ತ.

ದಿನಾ ಬೆಳಿಗ್ಗೆ ಅವಳು ಹೇಳುತ್ತಿದ್ದಳು. ಎಣ್ಣಿ ನೀರು ಏನೂ ಬೀಳಬಾರದು. ನಾನು ದಿನಾ ಹೂಂ ಎನ್ನುತ್ತಿದ್ದೆ, ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ.

೭ ಅಕ್ಟೋಬರ್, ಭಾನುವಾರ

ಜ್ವರ ಇಳಿದಿದೆ. ಕ್ಯಾಂಪ್ ಪೇಟೆಯ ಒಬ್ಬ ಖಾಸಗಿ ಕಿವಿ ಡಾಕ್ಟರರ ಹತ್ತಿರ ಇಟ್ಟುಕೊಂಡಿದ್ದರು, ನಿನ್ನೆ ಮನೆಗೆ ಕಳಿಸಿದರು. ಪ್ರಫುಲ್ಲಾ ಕೆಲಸ ಮಾಡುವ ಅಷ್ಟು ದೊಡ್ಡ ಆಸ್ಪತ್ರೆ ಇದ್ದೂ ಅಲ್ಲಿಗೆ ಒಯ್ಯಲಿಲ್ಲ. ಕೋರ್ಟಿನ ಆದೇಶ ಆಗುವವರೆಗೆ ಸೈನ್ಯದ ಲೆಕ್ಕದಲ್ಲಿ ಆರತಿ ಅವಳ ಮಗಳಲ್ಲ. "ನಿಮ್ಮ ಕರ್ನಲ್ ಮ್ಯಾಡಮ್‌ಗ ಒಂದ್ ಮಾತು ಹೇಳಿದ್ರ ಆಗೂದಿಲ್ಲೇನು?" ಎಂದು ಕೇಳಿದೆ. "ಆಗ್ತದ. ಕೇಳಬಾರದು," ಎಂದಳು. ರಾತ್ರಿ ಆಸ್ಪತ್ರೆಯಲ್ಲಿ ಸಿಪಾಯಿಗಳ ಮಂಚ ಕಾಯುವುದು, ಹಗಲು ಕ್ಯಾಂಪಿಗೆ ಓಡಿ ಮಗಳ ಮಂಚ ಕಾಯುವುದು. ಕಣ್ಣು ಕೆಂಪಾಗಿತ್ತು, ಇಸ್ತ್ರಿ ಮಾತ್ರ ಕೆಟ್ಟಿರಲಿಲ್ಲ. ಇಷ್ಟು ಗಟ್ಟಿ ಹೆಂಗಸು ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ.

ನನ್ನ ಮೇಲೆ ಕೂಗಾಡಲಿ ಎಂದು ಕಾಯುತ್ತಿದ್ದೆ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಹೇಳಿದ್ದು ಇಷ್ಟೆ: "ತಪ್ಪು ನಂದವ್ವ. ನೀ 'ತಗೊಂಡೆ' ಅನ್ನೂಕಿಂತ ಮೊದಲೇ ನಾ ಚಾರ್ಜು ಬಿಟ್ಟು ಹೋದೆ. ವಾರ್ಡಿನ್ಯಾಗ ಹಿಂಗ ಮಾಡಿದ್ರ ನನ್ನ ಮ್ಯಾಲೆ ಎನ್‌ಕ್ವಾಯರಿ ಆಗ್ತಿತ್ತು."

ಇವತ್ತು ದಾತೇ ಬಾಯಿ ಬಂದರು. ಪ್ರಫುಲ್ಲಾ ತಾನೇ ಫೋನು ಮಾಡಿ ಕರೆದಿದ್ದಳು, ಮುಚ್ಚಿಟ್ಟಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. "ನನ್ನ ನಿಷ್ಕಾಳಜಿ," ಎಂದು ಅವರ ಮುಂದೆ ತಲೆ ಎತ್ತಿ ಹೇಳಿದಳು. ಇವರು ಈಗಲೇ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾರೆ ಎನಿಸಿತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಎಣ್ಣೆ ಹಾಕಿದವಳು ನಾನು, ಅವಳಲ್ಲ," ಎಂದು ಹರಕು ಮರಾಠಿಯಲ್ಲಿ ಹೇಳಿಬಿಟ್ಟೆ.

ದಾತೇ ಬಾಯಿ ನಮ್ಮಿಬ್ಬರನ್ನೂ ನೋಡಿದರು. ಆರತಿ ಆಗ ನನ್ನ ಚೀಲದ ಮೇಲೆ ಕೂತಿದ್ದಳು. ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದು ಹೇಳಿ, ಚಹಾ ಕುಡಿದು ಹೋದರು.

೮ ಅಕ್ಟೋಬರ್

ಬೆಳಿಗ್ಗೆ ಚಾರ್ಜು ಕೊಟ್ಟಳು. ಎಲ್ಲ ಕೇಳಿಸಿಕೊಂಡೆ. ಹನಿ ಔಷಧ ಎಷ್ಟು ಹೊತ್ತಿಗೆ ಎಂದು ನಾನೇ ಎರಡು ಸಲ ಕೇಳಿದೆ. 'ತಗೊಂಡೆ' ಎನ್ನಲಿಲ್ಲ. ದಸರೆಗೆ ಹೋಗುವವಳು ಹಾಗೆ ಹೇಳಿದರೆ ಸುಳ್ಳಾಗುತ್ತದೆ.

೨೬ ಅಕ್ಟೋಬರ್, ಶುಕ್ರವಾರ. ವಿಜಯದಶಮಿ

ಊರಿಗೆ ಹೋಗುವುದು ಆಗಲಿಲ್ಲ. ಹಬ್ಬದ ದಿನಗಳಲ್ಲಿ ಗಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನನ್ನ ಸೊಂಟವೂ ಸರಿ ಇಲ್ಲ. ದೀಪಾವಳಿ ಕಳೆದ ಮೇಲೆ ನೋಡೋಣ.

ಸಂಜೆ ಬನ್ನಿ ಕೊಡುವಾಗ ಆರತಿ ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬಂದಳು. ಪ್ರಫುಲ್ಲಾ ಕಲಿಸಿರಬೇಕು. ಎಲೆಯನ್ನು ನನ್ನ ಕೈಯಲ್ಲಿಟ್ಟು, ಅರ್ಧ ಮರಾಠಿ ಅರ್ಧ ನಮ್ಮ ಮಾತಿನಲ್ಲಿ, "ಸೋನ ತಗೋ ಅಜ್ಜಿ, ಬಂಗಾರದಂಗ ಇರೂಣು," ಎಂದು ಕಾಲಿಗೆ ಬಿದ್ದಳು. ಬಿದ್ದವಳು ಏಳುವುದನ್ನು ಮರೆತು ನನ್ನ ಕಾಲ್ಬೆರಳು ಎಣಿಸುತ್ತ ಕೂತಳು. ನಗು ಬಂತು. ಎಲೆಯನ್ನು ಚೀಲದಲ್ಲಿ ಇಡೋಣ ಎಂದು ತೆರೆದರೆ ಒಳಗೆ ಅವಳ ಎರಡು ಫ್ರಾಕು, ಒಂದು ಮುರಿದ ಗೊಂಬೆ, ಅರ್ಧರ್ಧ ಬಿಸ್ಕೀಟುಗಳು. ನನ್ನ ಸೀರೆಗಳು ಕಪಾಟಿನಲ್ಲಿದ್ದವು. ನಾನೇ ಇಟ್ಟಿರಬೇಕು, ಯಾವಾಗ ಎಂದು ನೆನಪಿಲ್ಲ.

೨೦ ಡಿಸೆಂಬರ್, ಗುರುವಾರ

ದೆಹಲಿಯಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿಯಾದಾಗಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು. ದೇಹೂ ರೋಡ್ ಕಡೆಯಿಂದ ಸೈನ್ಯದ ಲಾರಿಗಳು ಸಾಲು ಸಾಲಾಗಿ ಹೋಗುತ್ತಿವೆ ಎಂದು ಯಂಕವ್ವ ಹೇಳಿದಳು. ಇವತ್ತು ಪ್ರಫುಲ್ಲಾ ಬಂದು ಬೂಟು ಬಿಚ್ಚದೆ ಕೂತಳು. ಜಮ್ಮು ಕಡೆಯ ಒಂದು ಆಸ್ಪತ್ರೆಗೆ ಆರ್ಡರ್ ಆಗಿದೆ. ಹೊಸ ವರ್ಷದ ಮೊದಲ ವಾರದಲ್ಲಿ ಹೊರಡಬೇಕು. ಕೋರ್ಟಿನ ತಾರೀಖು ಜನವರಿ ನಾಲ್ಕು.

ದಾತೇ ಬಾಯಿಗೆ ಫೋನು ಹೋಯಿತು. ಅವರು ಕೆಟ್ಟವರಲ್ಲ, ಇದ್ದದ್ದು ಹೇಳಿದರು: ಮಗು ಯಾರ ಹತ್ತಿರ ಇರುತ್ತದೆ ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಮನೆಯವರು ಯಾರೂ ಇಲ್ಲದಿದ್ದರೆ ಮಗು ಆಶ್ರಮಕ್ಕೆ ವಾಪಸು. ಆಮೇಲೆ ಬೇರೆ ಮನೆ ಸಿಕ್ಕರೆ ಅಲ್ಲಿಗೆ.

ಬೇರೆ ಮನೆಯಂತೆ. ಎಡಗಿವಿಯ ಕಡೆ ನಿಂತು ಮಾತಾಡಬೇಕು ಎಂದು ಅವರಿಗೆ ಯಾರು ಹೇಳುತ್ತಾರೆ?

೨೪ ಡಿಸೆಂಬರ್

ಪ್ರಫುಲ್ಲಾ ನನ್ನನ್ನು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ನಾನು ಬಂದ ದಿನ ದಸರೆಯ ತನಕ ಎಂದಿದ್ದೆನಲ್ಲ, ಅದನ್ನು ಹಿಡಿದುಕೊಂಡಿದ್ದಾಳೆ. ಜೊತೆಯವರು ಆರ್ಡರ್ ಮುಂದೂಡಿಸಿಕೋ, ಮಗುವಿನ ಕಾರಣ ಕೊಡು ಎನ್ನುತ್ತಿದ್ದಾರಂತೆ. "ನನ್ನ ಬದಲು ಹೋಗೋ ಸಿಸ್ಟರ್‌ಗೂ ಮನ್ಯಾಗ ಮಕ್ಕಳವ," ಎನ್ನುತ್ತಾಳೆ. ನೆಟ್ಟಗೆ ಒಂದು ಮಾತು, "ಅವ್ವ, ಇರ್ತಿ ಏನು?" ಎಂದು ಕೇಳಲಿಕ್ಕೆ ಇವಳಿಗೇನು ಗಂಟು ಹೋಗುತ್ತದೆ? ಸಿಟ್ಟು ಬಂದು ಇವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

೨೭ ಡಿಸೆಂಬರ್, ಗುರುವಾರ

ಗುಲಬರ್ಗಾದಿಂದ ಮನೋಹರನ ಫೋನು. ಮಗ ಅಂದ ಮೇಲೆ ತಾಯಿಯ ಚಿಂತೆ ಇರಬೇಕಾದದ್ದೇ. "ಅವ್ವ, ಅರವತ್ತನಾಲ್ಕು ಆಯ್ತು ನಿಂಗ. ಯಾರದೋ ಕೂಸಿನ ಹಿಂದ ಓಡ್ಯಾಡೂದು ಯಾಕ ಬೇಕು? ಟಿಕೆಟ್ ತೆಗಸ್ತೀನಿ, ಬಂದ್ಬಿಡು."

"ಯಾರದೋ ಅಂದ್ರ ಯಾರದು?" ಎಂದೆ.

ಟಿಕೆಟ್ಟಿನ ಮಾತು ಅಲ್ಲಿಗೇ ನಿಂತಿತು.

೪ ಜನವರಿ ೨೦೦೨, ಶುಕ್ರವಾರ

ಶಿವಾಜಿನಗರದ ಕೋರ್ಟು. ಆರತಿಗೆ ಹಳದಿ ಫ್ರಾಕು ಹಾಕಿದ್ದೆ. ಕೂದಲು ಈಗ ಎರಡು ಪುಟ್ಟ ಜುಟ್ಟಿನಷ್ಟು ಬೆಳೆದಿದೆ. ಪ್ರಫುಲ್ಲಾ ಯೂನಿಫಾರ್ಮಿನಲ್ಲಿದ್ದಳು. ಕಾರಿಡಾರಿನಲ್ಲಿ ಯಾರೋ ಒಬ್ಬ ಮುದುಕ ಎದ್ದು ಸಲಾಮು ಹೊಡೆದ, ಅವಳು ಅಷ್ಟೇ ಗೌರವದಿಂದ ತಿರುಗಿ ಹೊಡೆದಳು.

ನ್ಯಾಯಾಧೀಶರು ಎಲ್ಲ ನೋಡಿದರು. ಆಮೇಲೆ ಮರಾಠಿಯಲ್ಲಿ ಕೇಳಿದರು, "ಮೇಜರ್, ನೀವು ಮುಂದಿನ ವಾರ ಗಡಿಗೆ ಹೋಗುತ್ತೀರಿ. ಮಗು ಯಾರ ಹತ್ತಿರ ಇರುತ್ತದೆ?"

ಪ್ರಫುಲ್ಲಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಅವಳು ಹಾಗೆ ನಿಂತದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ನನ್ನ ಹತ್ತಿರ," ಎಂದೆ.

"ನೀವು ಯಾರು?"

"ಮಗುವಿನ ಅಜ್ಜಿ."

"ಇವರು ಎರಡು ವರ್ಷ ಬರದಿದ್ದರೆ? ನಿಮ್ಮದು ಕರ್ನಾಟಕ ಅಂತ ಇದೆ. ನೀವು ನಿಮ್ಮ ಊರಿಗೆ ಹೋಗಬೇಡವೇ?"

"ಊರು ಇದ್ದಲ್ಲೇ ಇರುತ್ತದೆ ಸಾಹೇಬರೇ, ಅದಕ್ಕೆ ಹಾಲು ಕುಡಿಸುವುದಿಲ್ಲ," ಎಂದೆ. ಅಧಿಕಪ್ರಸಂಗವಾಯಿತೇನೋ. ಅವರು ತಲೆ ಬಗ್ಗಿಸಿ ಬರೆಯತೊಡಗಿದರು. ಆರತಿ ನನ್ನ ಸೆರಗು ಹಿಡಿದು ಫ್ಯಾನು ನೋಡುತ್ತಿದ್ದಳು.

ದತ್ತು ಮಂಜೂರಾಯಿತು. ಹೊರಗೆ ಬಂದು ಪ್ರಫುಲ್ಲಾ ಯೂನಿಫಾರ್ಮು ಮರೆತು, ಜನರ ಎದುರಿಗೆ, ಕಂಬಕ್ಕೆ ಒರಗಿ ಅತ್ತಳು. ನಾನು ಅವಳ ಟೊಪ್ಪಿಗೆ ಹಿಡಿದುಕೊಂಡು ನಿಂತಿದ್ದೆ.

೭ ಜನವರಿ, ಸೋಮವಾರ

ಝೇಲಂ ಎಕ್ಸ್‌ಪ್ರೆಸ್ ಹೋಯಿತು. ಪ್ಲಾಟ್‌ಫಾರ್ಮ್ ತುಂಬ ಸಿಪಾಯಿಗಳು, ಕಪ್ಪು ಟ್ರಂಕುಗಳು, ಹೆಂಡಿರು ಮಕ್ಕಳು. ಎಲ್ಲರ ಮನೆಯಲ್ಲೂ ಗಂಡ ಹೋಗುತ್ತಿದ್ದ, ಹೆಂಡತಿ ಕಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮಾತ್ರ ತಾಯಿ ಹೋಗುತ್ತಿದ್ದಳು.

ಪ್ರಫುಲ್ಲಾ ಬಾಗಿಲ ಮುಂದೆ ನೆಟ್ಟಗೆ ನಿಂತು, "ಆರತಿ," ಎಂದಳು. ದಿನಾ ಬೆಳಿಗ್ಗೆ ಅನ್ನುವ ಹಾಗೆಯೇ. ಮತ್ತೊಮ್ಮೆ, "ಆರತಿ," ಎಂದಳು. ಮುಂದಕ್ಕೆ ಹೋಗಲಾಗಲಿಲ್ಲ.

ನಾನೇ ಹೇಳಿದೆ. "ಆರತಿ. ಹಾಲು ಈಗ ಪೂರಾ ಲೋಟ ಕುಡೀತಾಳ. ಬಲಗಿವಿ ಒಣಗ್ಯಾದ, ಆದ್ರೂ ಎಣ್ಣಿ ನೀರು ಬೀಳಬಾರದು, ತಲಿಗೆ ಎರೀವಾಗ ಹತ್ತಿ ಇಡಬೇಕು. ಮಾತು ಎಡಗಡೆಯಿಂದ ಆಡಬೇಕು. ಕತ್ತಲಿಗೆ ಅಂಜ್ತಾಳ, ಅಡಗಿಮನಿ ದೀಪ ಹಚ್ಚಿಡಬೇಕು. ತಗೊಂಡೆ. ನೀ ನಿನ್ನ ವಾರ್ಡಿಗೆ ಹೋಗು."

ಅವಳು ನನಗೆ ಸಲ್ಯೂಟ್ ಹೊಡೆದಳು. ಪ್ರೈಮರಿ ಶಾಲೆಯ ನಿವೃತ್ತ ಹೆಡ್ ಮಾಸ್ತರಿಣಿಗೆ ಒಬ್ಬ ಮೇಜರ್. ಸುತ್ತಲಿನವರು ನೋಡುತ್ತಿದ್ದರು.

೧೭ ಫೆಬ್ರವರಿ

ಫೋನು ಬಂತು. ಚೆನ್ನಾಗಿದ್ದಾಳೆ, ಚಳಿ ಭಾಳ ಅಂತೆ. ಆರತಿ 'ಅವ್ವ, ಅವ್ವ' ಎಂದು ಫೋನಿಗೆ ಎಡಗಿವಿ ಇಟ್ಟು ತಾನೇ ಮಾತಾಡಿದಳು. ನಾನು ಆಮೇಲೆ ಉಳ್ಳಾಗಡ್ಡಿ ಹೆಚ್ಚಿದೆ, ಕಣ್ಣು ಉರಿದವು.

೨೬ ಮೇ

ಫೋನಿಲ್ಲ. ಸುದ್ದಿಯಲ್ಲಿ ಯುದ್ಧ, ಯುದ್ಧ. ಟೀವಿ ಆರಿಸಿದೆ.

೩೧ ಮೇ

ಫೋನಿಲ್ಲ. ಉಳ್ಳಾಗಡ್ಡಿ ಈ ವರ್ಷ ಭಾಳ ಖಾರ. ಆರತಿ ಬೆಳಿಗ್ಗೆ ತನ್ನ ಮುರಿದ ಗೊಂಬೆಯನ್ನು ಮಂಚದ ಮೇಲೆ ಮಲಗಿಸಿ ಯಂಕವ್ವನಿಗೆ ಚಾರ್ಜು ಕೊಟ್ಟಳು. ಯಂಕವ್ವ 'ತಗೊಂಡೆ' ಎನ್ನುವ ತನಕ ಅವಳ ಕೈಯ ಕಸಬರಿಗೆ ಬಿಡಲಿಲ್ಲ. ನಾವಿಬ್ಬರೂ ನಕ್ಕೆವು. ನಕ್ಕು ಎಷ್ಟು ದಿನವಾಗಿತ್ತು.

೩ ಜೂನ್

ಫೋನು ಬಂತು. ಲೈನು ಸರಿ ಇರಲಿಲ್ಲವಂತೆ. ಅಷ್ಟೆ, ಬೇರೇನೂ ಅಲ್ಲ. ಅಂಬಾಭವಾನಿಗೆ ತುಪ್ಪದ ದೀಪ ಹಚ್ಚಿದೆ.

೧೫ ಜುಲೈ, ಸೋಮವಾರ

ಸೈನ್ಯದ ದಾಖಲೆಯಲ್ಲಿ ಆರತಿಯ ಹೆಸರು ಸೇರಿದೆ. ಇವತ್ತು ಅವಳನ್ನು ಮಿಲಿಟರಿ ಆಸ್ಪತ್ರೆಯ ಕಿವಿ ಡಾಕ್ಟರರಿಗೆ ತೋರಿಸಿದೆ, ಹಕ್ಕಿನಿಂದ. ಅಲ್ಲಿಯ ಸಿಸ್ಟರುಗಳು ಸುತ್ತುಗಟ್ಟಿದರು. "ಪ್ರಫುಲ್ಲಾ ಮ್ಯಾಡಮ್ ಮಗಳು," ಎಂದು ಒಬ್ಬರಿಗೊಬ್ಬರು ಹೇಳಿದರು. ಅವಳ ಕೈಯಲ್ಲಿ ಕಲಿತವರಂತೆ ಅವರೆಲ್ಲ. ನಮ್ಮ ಕೂಸು ರಾಣಿಯ ಹಾಗೆ ಕೂತಿತ್ತು. ತೂತು ಮುಚ್ಚುತ್ತಿದೆ ಎಂದರು.

೨ ನವೆಂಬರ್, ಶನಿವಾರ

ದೀಪಾವಳಿಗೆ ರಜೆ ಮೇಲೆ ಬರುತ್ತಾಳೆ ಎಂದು ತಿಂಗಳಿಂದ ಗೊತ್ತಿತ್ತು. ಸ್ಟೇಷನ್ನಿಗೆ ಬರಬೇಡ, ಗಾಡಿ ಯಾವಾಗ ಬರುತ್ತದೋ ಎಂದಿದ್ದಳು. ಬೆಳಿಗ್ಗೆ ಕರ್ಚಿಕಾಯಿ ಕರಿದಿಟ್ಟು ಬಾಗಿಲು ನೋಡುತ್ತ ಕೂತೆವು.

ಮಧ್ಯಾಹ್ನ ಮೂರರ ಮೇಲೆ ಗೇಟು ಸಪ್ಪಳವಾಯಿತು. ಕಪ್ಪಗಾಗಿದ್ದಾಳೆ, ಸೊರಗಿದ್ದಾಳೆ, ಕಿವಿಯ ಹತ್ತಿರ ಬಿಳಿಕೂದಲು ಬಂದಿದೆ. ಹೆಗಲ ಮೇಲೆ ದೊಡ್ಡ ಚೀಲ. ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದಳು.

ಆರತಿ ಓಡಿ ಹೋಗಲಿಲ್ಲ. ಮರೆತುಬಿಟ್ಟಳೇ ಎಂದುಕೊಂಡೆ. ಪ್ರಫುಲ್ಲಾಳ ಮುಖವೂ ಇಳಿಯಿತು. ಆದರೆ ಹುಡುಗಿ "ತಡಿ" ಎಂದು ಕೈ ತೋರಿಸಿ, ನನ್ನ ಎರಡು ಬೆರಳು ಹಿಡಿದು ಮಂಚದವರೆಗೆ ಎಳೆದುಕೊಂಡು ಹೋಗಿ ಕೂಡಿಸಿದಳು. ತಾನು ಪಕ್ಕದಲ್ಲಿ ನೆಟ್ಟಗೆ ನಿಂತಳು.

"ಅಜ್ಜಿ," ಎಂದಳು. "ಬಿ.ಪಿ. ಗುಳಿಗಿ ತಗೊಂಡಾಳ. ಮುಂಜಾನಿ ಅರ್ಧ ರೊಟ್ಟಿ ತಿಂದಾಳ. ಮಧ್ಯಾಹ್ನ ಉಂಡಿಲ್ಲ, ನೀ ಬಂದ ಮ್ಯಾಲೆ ಉಣ್ತಾಳಂತ. ಸೊಂಟ ನೋಯ್ತದ, ಎತ್ಕೋ ಅನ್ನಬಾರದು. ನಿನ್ನ ಫೋನ್ ಬಂದ್ರ ಅಳ್ತಾಳ. ಬರದಿದ್ರೂ ಅಳ್ತಾಳ. ಉಳ್ಳಾಗಡ್ಡಿ ಅಂತ ಹೇಳ್ತಾಳ, ಉಳ್ಳಾಗಡ್ಡಿ ಇರೂದಿಲ್ಲ."

ನಾನು ಅವಳ ಬಾಯಿ ಮುಚ್ಚಲು ಹೋದೆ. ನನ್ನ ಕೈ ಸರಿಸಿ ಕೇಳಿದಳು, "ತಗೊಂಡಿ ಏನವ್ವಾ?"

ಪ್ರಫುಲ್ಲಾ ಎದ್ದಳು. ಚೀಲ ಕೆಳಗಿಟ್ಟು, ಹಿಮ್ಮಡಿ ಜೋಡಿಸಿ, ತನ್ನ ಮೇಲಿನ ಆಫೀಸರರ ಮುಂದೆ ನಿಂತ ಹಾಗೆ ನಿಂತು ನನ್ನನ್ನೇ ನೋಡಿದಳು.

"ತಗೊಂಡೆ," ಎಂದಳು.

ಆಮೇಲೆಯೇ ಆರತಿ ನನ್ನ ಬೆರಳು ಬಿಟ್ಟು ಅವಳ ಕಡೆ ಓಡಿದಳು.